ಡಿಬಿಟಿ ಥೆರಪಿಸ್ಟ್ ಹುಡುಕುವುದು ಹೇಗೆ: ಮೊದಲ ಫೋನ್ ಕರೆಯಿಂದ ಮೂರನೇ ತಿಂಗಳವರೆಗೆ

ಬೆಂಗಳೂರಿನ ಥೆರಪಿಸ್ಟ್‌ಗಳ ಪಟ್ಟಿ ಇರುವ ಯಾವ ಜಾಲತಾಣ ತೆರೆದರೂ ಹೆಸರಿನ ಕೆಳಗೆ ಸಿಬಿಟಿ, ಡಿಬಿಟಿ, ಎಸಿಟಿ, ಇಎಂಡಿಆರ್ ಅಂತ ಥೆರಪಿ ವಿಧಾನಗಳ ಹೆಸರು ಸಾಲಾಗಿ ಬರೆದಿರುತ್ತದೆ. ಅದರಲ್ಲಿ ಡಿಬಿಟಿ ಕಂಡ ಕೂಡಲೇ ಸಮಾಧಾನಪಟ್ಟು, ಫೀಸು ಕಟ್ಟಿ, ಕೆಲವು ತಿಂಗಳು ಹೋಗಿಬಂದ ಮೇಲೆ "ಹೋಗ್ತೀನಿ, ವಾರದ ಕಷ್ಟ ಹೇಳ್ಕೋತೀನಿ, ಬರ್ತೀನಿ" ಎನ್ನುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಮಾತಾಡಿ ಹಗುರಾಗುವುದು ಒಳ್ಳೆಯದೇ. ಆದರೆ ಅವರು ಹುಡುಕಿಕೊಂಡು ಹೋಗಿದ್ದು ಬೇರೆ.

ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಭಾವನೆ ಹತೋಟಿ ತಪ್ಪಿ ತಮ್ಮ ಜೀವಕ್ಕೇ ಅಪಾಯ ತಂದುಕೊಳ್ಳುವವರಿಗಾಗಿ ಕಟ್ಟಿದ ಚಿಕಿತ್ಸೆಯ ಒಂದು ಏರ್ಪಾಡು. ಅದಕ್ಕೆ ಗೊತ್ತಾದ ಭಾಗಗಳಿವೆ, ಅವಧಿ ಇದೆ, ನಿಯಮಗಳಿವೆ. ಆದ್ದರಿಂದ ಈ ಬರಹ ಪೂರ್ತಿ ಒಂದೇ ಮಾತಿನ ಸುತ್ತ ಇದೆ: ಹೆಸರನ್ನು ಕೇಳಬೇಡಿ, ಏರ್ಪಾಡನ್ನು ಕೇಳಿ. ನಿಮಗಾಗಿ ಹುಡುಕುತ್ತಿದ್ದರೂ ಸರಿ, ತಂಗಿಗೋ ಮಗನಿಗೋ ಗೆಳೆಯನಿಗೋ ಹುಡುಕುತ್ತಿದ್ದರೂ ಸರಿ.

ಈಗಲೇ ಅಪಾಯ ಇದ್ದರೆ

ಸಾಯುವ ಯೋಚನೆ ಇವತ್ತೇ ಬಲವಾಗಿದ್ದರೆ ಥೆರಪಿಸ್ಟ್ ಹುಡುಕಾಟ ನಾಳೆಗಿರಲಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ದೇಹಕ್ಕೆ ಅಪಾಯವಾಗಿದ್ದರೆ 112, ಇಲ್ಲವೇ ಹತ್ತಿರದ ಜನರಲ್ ಆಸ್ಪತ್ರೆಯ ತುರ್ತು ವಿಭಾಗ. ಅಂಥ ಹೊತ್ತಿನಲ್ಲಿ ಮನೋರೋಗ ಆಸ್ಪತ್ರೆ ಹುಡುಕುತ್ತಾ ಊರು ಸುತ್ತಬೇಡಿ, ಮೊದಲು ಜೀವ ಉಳಿಯಲಿ.

"ಪೊಲೀಸ್ ಕೇಸ್ ಆಗುತ್ತೆ" ಎಂಬ ಹೆದರಿಕೆಯಿಂದ ಎಷ್ಟೋ ಮನೆಗಳಲ್ಲಿ ವಿಷಯ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಈ ಬಗ್ಗೆ ಸ್ಪಷ್ಟವಾಗಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಅವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ವೈದ್ಯರ ಹತ್ತಿರ, ಥೆರಪಿಸ್ಟ್ ಹತ್ತಿರ ನಡೆದದ್ದನ್ನು ನಡೆದ ಹಾಗೆ ಹೇಳಿ.

ಮೊದಲು ತಿಳಿಯಬೇಕಾದದ್ದು: ಡಿಬಿಟಿಯಲ್ಲಿ ಏನೇನಿರುತ್ತದೆ

ಇದನ್ನು ರೂಪಿಸಿದವರು ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್. ತಮ್ಮ ಜೀವಕ್ಕೆ ಮತ್ತೆ ಮತ್ತೆ ಅಪಾಯ ತಂದುಕೊಳ್ಳುವ, ಬೇರೆ ಚಿಕಿತ್ಸೆಗಳು ಕೈಬಿಟ್ಟ ಹೆಂಗಸರಿಗಾಗಿ ಅವರು ಈ ವಿಧಾನವನ್ನು ಕಟ್ಟಿದರು. ಇದರ ಮೊದಲ ದೊಡ್ಡ ಪರೀಕ್ಷಾ ಅಧ್ಯಯನ ಪ್ರಕಟವಾದದ್ದು 1991ರಲ್ಲಿ. 2011ರಲ್ಲಿ ಲಿನೆಹಾನ್ ತಾವೇ ಹರೆಯದಲ್ಲಿ ಇದೇ ನರಕ ಅನುಭವಿಸಿ ಆಸ್ಪತ್ರೆಯಲ್ಲಿದ್ದವರು ಎಂದು ಬಹಿರಂಗವಾಗಿ ಹೇಳಿದರು. ಈ ಚಿಕಿತ್ಸೆಯ ಒಳಗೆ ರೋಗಿಯ ಬಗ್ಗೆ ತಾತ್ಸಾರ ಏಕೆ ಕಾಣುವುದಿಲ್ಲ ಎಂದು ನನಗೆ ಅರ್ಥವಾದದ್ದು ಅದನ್ನು ತಿಳಿದ ಮೇಲೆ.

ಅದರ ತಿರುಳು ಹೀಗಿದೆ. ಕೆಲವರಿಗೆ ಹುಟ್ಟಿನಿಂದಲೇ ಭಾವನೆ ಬೇಗ ಏರುತ್ತದೆ, ಹೆಚ್ಚು ಏರುತ್ತದೆ, ಇಳಿಯಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ. ಅಂಥ ಮಗು "ಇಷ್ಟಕ್ಕೆಲ್ಲ ಯಾಕೆ ಅಳ್ತೀಯ, ನಾಟಕ ಮಾಡಬೇಡ" ಎನ್ನುವ ಪರಿಸರದಲ್ಲಿ ಬೆಳೆದರೆ ತನ್ನ ಭಾವನೆಯನ್ನೇ ನಂಬದಂತಾಗುತ್ತದೆ. ಆಮೇಲೆ ನೋವು ತಡೆಯಲು ಸಿಕ್ಕಿದ ದಾರಿ ಹಿಡಿಯುತ್ತದೆ. ಥೆರಪಿಸ್ಟ್ ಇಲ್ಲಿ ಎರಡು ಕೆಲಸ ಒಟ್ಟಿಗೆ ಮಾಡಬೇಕು: ನಿಮ್ಮ ನೋವು ನಿಜ ಎಂದು ಒಪ್ಪಿಕೊಳ್ಳುವುದು, ಮತ್ತು ನಿಮ್ಮ ನಡವಳಿಕೆ ಬದಲಾಗಲೇಬೇಕು ಎಂದು ಪಟ್ಟು ಹಿಡಿಯುವುದು. ಬರೀ ಒಪ್ಪಿಕೊಂಡರೆ ನೀವು ಇದ್ದಲ್ಲೇ ಇರುತ್ತೀರಿ, ಬರೀ ಬದಲಾಗಿ ಎಂದರೆ ಬಿಟ್ಟು ಓಡುತ್ತೀರಿ.

ಪೂರ್ಣ ಡಿಬಿಟಿಗೆ ನಾಲ್ಕು ಭಾಗ. ವಾರಕ್ಕೊಮ್ಮೆ ಒಬ್ಬರೇ ಕೂತು ಮಾತಾಡುವ ಸೆಷನ್, ಸುಮಾರು ಒಂದು ಗಂಟೆ. ವಾರಕ್ಕೊಮ್ಮೆ ಸ್ಕಿಲ್ಸ್ ಗ್ರೂಪ್, ಸಾಮಾನ್ಯವಾಗಿ ಎರಡರಿಂದ ಎರಡೂವರೆ ಗಂಟೆ. ಇದು ಕಷ್ಟ ಹಂಚಿಕೊಳ್ಳುವ ಗುಂಪಲ್ಲ, ತರಗತಿಯ ಹಾಗೆ: ಪಾಠ, ಅಭ್ಯಾಸ, ಹೋಂವರ್ಕ್. ಮೂರನೆಯದು ಎರಡು ಸೆಷನ್‌ಗಳ ನಡುವೆ ಫೋನಿನಲ್ಲಿ ಸಹಾಯ, ಇದನ್ನು ಫೋನ್ ಕೋಚಿಂಗ್ ಎನ್ನುತ್ತಾರೆ. ನಾಲ್ಕನೆಯದು ನಿಮಗೆ ಕಾಣದ ಭಾಗ: ಥೆರಪಿಸ್ಟ್‌ಗಳೇ ವಾರಕ್ಕೊಮ್ಮೆ ಸೇರಿ ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದುವ ತಂಡದ ಸಭೆ.

ಗ್ರೂಪಿನಲ್ಲಿ ಕಲಿಸುವುದು ನಾಲ್ಕು ಬಗೆಯ ಕೌಶಲ. ಮೈಂಡ್‌ಫುಲ್‌ನೆಸ್, ಅಂದರೆ ಈ ಗಳಿಗೆಯಲ್ಲಿ ಏನಾಗುತ್ತಿದೆ ಎಂದು ತೀರ್ಪು ಕೊಡದೆ ಗಮನಿಸುವುದು. ಸಂಕಟದ ಗಳಿಗೆಯನ್ನು ಇನ್ನಷ್ಟು ಕೆಡಿಸದೆ ದಾಟುವುದು. ಭಾವನೆಯನ್ನು ಗುರುತಿಸಿ ಹತೋಟಿಗೆ ತರುವುದು. ಸಂಬಂಧ ಕೆಡದಂತೆ, ಮರ್ಯಾದೆ ಬಿಡದಂತೆ ಬೇಕಾದ್ದನ್ನು ಕೇಳುವುದು ಮತ್ತು ಬೇಡ ಎನ್ನುವುದು. ಇದೆಲ್ಲ ಒಂದು ಸುತ್ತು ಮುಗಿಯಲು ಸುಮಾರು 24 ವಾರ. ಸಾಮಾನ್ಯವಾಗಿ ಎರಡು ಸುತ್ತು ಮಾಡಿಸುತ್ತಾರೆ, ಹಾಗಾಗಿ ಒಂದು ವರ್ಷ.

ಇಷ್ಟು ನೆನಪಿದ್ದರೆ ಅರ್ಧ ಹುಡುಕಾಟ ಮುಗಿದ ಹಾಗೆ.

ನಿಮಗೆ ಬೇಕಿರುವುದು ಡಿಬಿಟಿಯೇ?

ರೀಲ್ಸ್ ನೋಡಿ "ನನಗೆ ಬಿಪಿಡಿ ಇದೆ", ಅಂದರೆ ಭಾವನೆ, ಸಂಬಂಧಗಳೆಲ್ಲ ತೀರಾ ಏರುಪೇರಾಗುವ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇದೆ ಎಂದು ತಾವೇ ತೀರ್ಮಾನಿಸಿ ಬರುವವರು ಈಗ ಹೆಚ್ಚು. ಅವರ ನೋವು ಸುಳ್ಳಲ್ಲ. ಆದರೆ ಬೈಪೋಲಾರ್, ಎಡಿಎಚ್‌ಡಿ, ಹಳೆಯ ಆಘಾತದ ಪರಿಣಾಮ, ಥೈರಾಯ್ಡ್ ಏರುಪೇರು ಇವೆಲ್ಲ ಹೊರಗಿನಿಂದ ಒಂದೇ ಥರ ಕಾಣಬಹುದು, ಚಿಕಿತ್ಸೆ ಮಾತ್ರ ಬೇರೆ ಬೇರೆ. ಆದ್ದರಿಂದ ಡಿಬಿಟಿ ಹುಡುಕುವ ಮೊದಲು ಮನೋವೈದ್ಯರಿಂದಲೋ ಕ್ಲಿನಿಕಲ್ ಸೈಕಾಲಜಿಸ್ಟ್‌ರಿಂದಲೋ ಸರಿಯಾದ ಮೌಲ್ಯಮಾಪನ ಮಾಡಿಸಿ. ಹದಿನೈದು ನಿಮಿಷದಲ್ಲಿ ಮುಗಿಯುವಂಥದ್ದಲ್ಲ, ಬಾಲ್ಯದಿಂದ ಶುರುಮಾಡಿ ಕೇಳುತ್ತಾರೆ.

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇದ್ದು, ಮೈಗೆ ಗಾಯ ಮಾಡಿಕೊಳ್ಳುವ ಅಥವಾ ಪದೇ ಪದೇ ಆತ್ಮಹತ್ಯೆಯ ಅಂಚಿಗೆ ಹೋಗುವ ಸ್ಥಿತಿಗೆ ಡಿಬಿಟಿಯ ಬಗ್ಗೆ ಅತಿ ಗಟ್ಟಿಯಾದ ಪುರಾವೆ ಇದೆ. ಕುಡಿತ, ಮಾದಕ ವಸ್ತು, ತಡೆಯಲಾಗದೆ ತಿನ್ನುವ ತೊಂದರೆ, ಹದಿಹರೆಯದವರ ಸ್ವಯಂ ಹಾನಿ ಇವಕ್ಕೂ ಹೊಂದಿಸಿದ ರೂಪಗಳಿವೆ. ಸಾಧಾರಣ ಆತಂಕ, ಪರೀಕ್ಷೆಯ ಭಯ, ಬೇರೇನೂ ಇಲ್ಲದೆ ಬರೀ ಖಿನ್ನತೆ ಇದ್ದರೆ ವರ್ಷದ ಡಿಬಿಟಿ ಬೇಕಾಗಿಲ್ಲ. ಯೋಚನೆ, ನಡವಳಿಕೆಗಳನ್ನು ತಿದ್ದುವ ಸಿಬಿಟಿ ಸಾಕಾಗಬಹುದು, ಅದು ಬೇಗ ಸಿಗುತ್ತದೆ, ಕಡಿಮೆ ಖರ್ಚಿನದು.

ಯಾರು ಯಾರು, ಅವರ ಅರ್ಹತೆ ನೋಡುವುದು ಹೇಗೆ

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದ ವೈದ್ಯರು. ಔಷಧಿ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಎರಡು ವರ್ಷದ ಎಂ.ಫಿಲ್ ಕ್ಲಿನಿಕಲ್ ಸೈಕಾಲಜಿ ಅಥವಾ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಮಾಡಿ, 1992ರ ಕಾಯ್ದೆಯಡಿ ಇರುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡವರು. ಅವರಿಗೊಂದು ಸಿಆರ್‌ಆರ್ ಎಂಬ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿ, ಆರ್‌ಸಿಐ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ, ನೋಂದಣಿ ಚಾಲ್ತಿಯಲ್ಲಿದೆಯೇ ಎಂದೂ ನೋಡಿ. ಇದು ಅವಮಾನದ ಪ್ರಶ್ನೆ ಅಲ್ಲವೇ ಅಲ್ಲ. ನಿಜವಾದ ಸೈಕಾಲಜಿಸ್ಟ್ ಖುಷಿಯಿಂದ ಕೊಡುತ್ತಾರೆ.

ಇವರಲ್ಲದೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳಿದ್ದಾರೆ, ಎಂ.ಎಸ್ಸಿ ಸೈಕಾಲಜಿ ಮಾಡಿದ ಕೌನ್ಸೆಲರ್‌ಗಳಿದ್ದಾರೆ. ಅವರಲ್ಲಿ ಬಹಳ ಒಳ್ಳೆಯವರೂ ಇದ್ದಾರೆ, ಸ್ಕಿಲ್ಸ್ ಗ್ರೂಪ್ ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಜೀವಕ್ಕೆ ಅಪಾಯದ ಇತಿಹಾಸ ಇದ್ದರೆ ಮುಖ್ಯ ಥೆರಪಿಸ್ಟ್ ಆರ್‌ಸಿಐ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಲಿ, ಪಕ್ಕದಲ್ಲಿ ಮನೋವೈದ್ಯರೊಬ್ಬರಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ವಾರಾಂತ್ಯದ ಸರ್ಟಿಫಿಕೇಟ್ ಹಿಡಿದ "ಲೈಫ್ ಕೋಚ್" ಈ ಕೆಲಸಕ್ಕೆ ಬೇಡ.

ಡಿಬಿಟಿಯ ತರಬೇತಿಯನ್ನು ಪ್ರತ್ಯೇಕವಾಗಿ ಕೇಳಬೇಕು. ಲಿನೆಹಾನ್ ಪರಂಪರೆಯ ಇಂಟೆನ್ಸಿವ್ ತರಬೇತಿ ಐದೈದು ದಿನಗಳ ಎರಡು ಭಾಗದಲ್ಲಿ ನಡೆಯುತ್ತದೆ, ನಡುವೆ ತಿಂಗಳುಗಟ್ಟಲೆ ಅಭ್ಯಾಸ ಇರುತ್ತದೆ, ಒಬ್ಬೊಬ್ಬರಾಗಿ ಹೋಗದೆ ತಂಡವಾಗಿ ಹೋಗುತ್ತಾರೆ. ಅಮೆರಿಕದಲ್ಲಿ ಲಿನೆಹಾನ್ ಹೆಸರಿನ ಸರ್ಟಿಫಿಕೇಷನ್ ಮಂಡಳಿಯೂ ಇದೆ. ನಮ್ಮಲ್ಲಿ ಆ ಸರ್ಟಿಫಿಕೇಟ್ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ತಳ್ಳಿಹಾಕಬೇಡಿ. ಯಾರ ಹತ್ತಿರ ಕಲಿತರು, ಈಗ ಯಾರು ಅವರ ಕೆಲಸವನ್ನು ಗಮನಿಸುತ್ತಾರೆ, ಇದು ಮುಖ್ಯ.

ಎಲ್ಲಿ ಹುಡುಕಬೇಕು

ಕರ್ನಾಟಕದಲ್ಲಿ ಇರುವವರಿಗೆ ಮೊದಲ ಬಾಗಿಲು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಹೊಸಬರು ಬೆಳಿಗ್ಗೆ ಬೇಗ ಹೋಗಿ ಓಪಿಡಿಯಲ್ಲಿ ನೋಂದಾಯಿಸಿ, ಮೊದಲ ಪರಿಶೀಲನೆ ಮುಗಿಸಿ, ವಿವರವಾದ ಮೌಲ್ಯಮಾಪನಕ್ಕೆ ದಿನ ಪಡೆಯಬೇಕಾಗುತ್ತದೆ. ಜನಜಂಗುಳಿ ಇರುತ್ತದೆ, ಇಡೀ ದಿನ ಬಿಡುವು ಮಾಡಿಕೊಂಡು ಊಟ ನೀರು ಹಿಡಿದು ಹೋಗಿ. ಬಿಪಿಎಲ್ ಕಾರ್ಡ್ ಇದ್ದರೆ ಒಯ್ಯಿರಿ, ರಿಯಾಯಿತಿ ಇದೆ. ಅಲ್ಲಿ ವೈದ್ಯರಿಗೆ "ಥೆರಪಿ ಬೇಕು" ಎಂದಷ್ಟೇ ಹೇಳದೆ "ಕ್ಲಿನಿಕಲ್ ಸೈಕಾಲಜಿ ವಿಭಾಗಕ್ಕೆ ಕಳಿಸಿ, ಡಿಬಿಟಿ ಅಥವಾ ಡಿಬಿಟಿ ಸ್ಕಿಲ್ಸ್ ಮಾಡಿಸುವವರು ಇದ್ದಾರಾ ನೋಡಿ" ಎಂದು ಬಿಡಿಸಿ ಕೇಳಿ. ಅಲ್ಲಿ ಥೆರಪಿ ನಡೆಸುವವರು ಹಲವು ಸಲ ತರಬೇತಿಯಲ್ಲಿರುವ ಎಂ.ಫಿಲ್ ವಿದ್ಯಾರ್ಥಿಗಳು. ಹಿಂಜರಿಯಬೇಡಿ, ಅವರ ಪ್ರತಿ ಕೇಸಿನ ಮೇಲೂ ಹಿರಿಯರ ಕಣ್ಣಿರುತ್ತದೆ. ಆದರೆ ಅವರ ಪೋಸ್ಟಿಂಗ್ ಬದಲಾಗುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಅಷ್ಟು ತೀವ್ರವಲ್ಲದ ತೊಂದರೆಗೆ, ಆಸ್ಪತ್ರೆಯ ಸಾಲಿಗೆ ಹೆದರುವವರಿಗೆ ಅದು ಅನುಕೂಲ.

ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಕರಾವಳಿಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ವಿಭಾಗಗಳಿವೆ. ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗ ಇದ್ದೇ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಲ್ಲಿ ಡಿಬಿಟಿ ಸಿಗುತ್ತದೆಂದು ಹೋಗಬೇಡಿ, ಮೌಲ್ಯಮಾಪನಕ್ಕೂ ರೆಫರಲ್ ಚೀಟಿಗೂ ಹೋಗಿ.

ಖಾಸಗಿಯಲ್ಲಿ ಹುಡುಕುವವರಿಗೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ದಾರಿ ಮನೋವೈದ್ಯರನ್ನು ಹೀಗೆ ಕೇಳುವುದು: "ಡಾಕ್ಟ್ರೇ, ನಿಮ್ಮ ಮನೆಯವರಿಗೇ ಡಿಬಿಟಿ ಬೇಕಾಗಿದ್ರೆ ಯಾರ ಹತ್ರ ಕಳಿಸ್ತಿದ್ರಿ?" ಒಂದಲ್ಲ, ಎರಡು ಮೂರು ಹೆಸರು ಕೇಳಿ. ಗೂಗಲ್‌ನಲ್ಲಿ ಹುಡುಕುವಾಗ "ಡಿಬಿಟಿ ಥೆರಪಿಸ್ಟ್" ಎನ್ನುವ ಬದಲು "ಡಿಬಿಟಿ ಸ್ಕಿಲ್ಸ್ ಗ್ರೂಪ್" ಎಂದು ಊರಿನ ಹೆಸರು ಸೇರಿಸಿ ಹುಡುಕಿ. ಗ್ರೂಪ್ ನಡೆಸುವವರು ಕಡಿಮೆ. ನಡೆಸುತ್ತಿದ್ದಾರೆ ಎಂದರೆ ಅಲ್ಲೊಂದು ತಂಡ ಇರುವ ಸಾಧ್ಯತೆ ಹೆಚ್ಚು.

ಮೊದಲ ಫೋನ್ ಕರೆ

ಇಲ್ಲಿ ನಿಧಾನಿಸೋಣ, ಯಾಕೆಂದರೆ ಬಹುಪಾಲು ನಿರ್ಧಾರ ಈ ಹತ್ತು ನಿಮಿಷದಲ್ಲೇ ಆಗುತ್ತದೆ. ಕಷ್ಟದಲ್ಲಿರುವವರಿಗೆ ಈ ಕರೆ ಮಾಡುವುದೇ ಬೆಟ್ಟದಂಥ ಕೆಲಸ. ಅವರ ಪರವಾಗಿ ಅಕ್ಕನೋ ಗೆಳತಿಯೋ ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿ ಮಾತಾಡಲಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರಿಸೆಪ್ಷನ್‌ನಲ್ಲಿರುವವರಿಗೆ ಇವಕ್ಕೆ ಉತ್ತರ ಗೊತ್ತಿರುವುದಿಲ್ಲ, "ಥೆರಪಿಸ್ಟ್ ಹತ್ತಿರವೇ ಹತ್ತು ನಿಮಿಷ ಮಾತಾಡಬಹುದಾ?" ಎಂದು ಕೇಳಿ.

"ನೀವು ಪೂರ್ಣ ಡಿಬಿಟಿ ಮಾಡಿಸ್ತೀರಾ, ಅಥವಾ ಡಿಬಿಟಿಯಿಂದ ಕೆಲವು ಅಂಶ ತಗೊಂಡು ಬಳಸ್ತೀರಾ?" ಇದು ಮೊದಲ ಪ್ರಶ್ನೆ. "ಪೂರ್ಣ ಇಲ್ಲ, ನಾನು ಸ್ಕಿಲ್ಸ್ ಮಾತ್ರ ಸೇರಿಸಿಕೊಳ್ಳುತ್ತೇನೆ" ಎಂದು ನೇರವಾಗಿ ಹೇಳುವವರು ಪ್ರಾಮಾಣಿಕರು, ಅವರ ಹೆಸರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ. "ಎಲ್ಲ ಮಾಡಿಸ್ತೀವಿ, ನೀವು ಬನ್ನಿ" ಎಂದವರಿಗೆ ಮುಂದಿನ ಪ್ರಶ್ನೆಗಳು.

"ಸ್ಕಿಲ್ಸ್ ಗ್ರೂಪ್ ಇದೆಯಾ? ಯಾವ ದಿನ, ಎಷ್ಟು ಹೊತ್ತು, ಎಷ್ಟು ವಾರ?" ನಡೆಯುತ್ತಿರುವ ಗ್ರೂಪಿಗೆ ದಿನ, ಸಮಯ, ಅವಧಿ ಇರುತ್ತದೆ. ತಡವರಿಸಿದರೆ ಗ್ರೂಪ್ ಇಲ್ಲ ಎಂದರ್ಥ.

"ಡೈರಿ ಕಾರ್ಡ್ ತುಂಬಿಸ್ತೀರಾ?" ದಿನಕ್ಕೊಮ್ಮೆ ಭಾವನೆ, ತುಡಿತ, ಬಳಸಿದ ಕೌಶಲ ಗುರುತು ಹಾಕುವ ಹಾಳೆ ಅದು. ಪ್ರತಿ ಸೆಷನ್ ಅದನ್ನು ನೋಡುವುದರಿಂದಲೇ ಶುರುವಾಗಬೇಕು. ಜೀವಕ್ಕೆ ಅಪಾಯದ ವಿಷಯ ಏನಾದರೂ ಆಗಿದ್ದರೆ ಅದು ಮೊದಲು, ಥೆರಪಿಗೇ ಅಡ್ಡಿಯಾಗುವ ವಿಷಯ ಆಮೇಲೆ, ಬದುಕಿನ ಉಳಿದ ತೊಂದರೆ ಅದರ ನಂತರ. ಈ ಕ್ರಮವನ್ನು ನೀವು ಹೇಳಿಕೊಡದೆ ಅವರೇ ಹೇಳಿದರೆ ಅವರಿಗೆ ಕೆಲಸ ಗೊತ್ತಿದೆ.

"ನನ್ನಿಂದ ತಪ್ಪು ಹೆಜ್ಜೆ ಆದ ವಾರ ಸೆಷನ್‌ನಲ್ಲಿ ಏನು ಮಾಡ್ತೀವಿ?" ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಡಿಬಿಟಿ ಬಲ್ಲವರು ಚೈನ್ ಅನಾಲಿಸಿಸ್ ಬಗ್ಗೆ ಹೇಳುತ್ತಾರೆ: ಆ ದಿನ ಏನೇನಾಯಿತು, ನಿದ್ದೆ ಹೇಗಿತ್ತು, ಯಾರ ಯಾವ ಮಾತು ಚುಚ್ಚಿತು, ಆಮೇಲೆ ಯಾವ ಯೋಚನೆ ಬಂತು, ಯಾವ ಕೊಂಡಿಯಲ್ಲಿ ಬೇರೆ ಏನು ಮಾಡಬಹುದಿತ್ತು ಎಂದು ಒಂದೊಂದೇ ಬಿಡಿಸಿ ನೋಡುವುದು. ಬೈಯುವುದಿಲ್ಲ, ಹಾಗೆಂದು ಬಿಟ್ಟೂ ಬಿಡುವುದಿಲ್ಲ. "ಹಾಗೆ ಮಾಡಲ್ಲ ಅಂತ ಮಾತು ಕೊಡಿ, ಸಾಕು" ಎನ್ನುವವರನ್ನು ದಾಟಿ ಮುಂದೆ ಹೋಗಿ.

"ಎರಡು ಸೆಷನ್ ನಡುವೆ ಫೋನ್ ಮಾಡಬಹುದಾ?" ಯಾವ ಹೊತ್ತಿನಲ್ಲಿ, ಕರೆಯೋ ವಾಟ್ಸಾಪ್ ಸಂದೇಶವೋ, ಎಷ್ಟು ಹೊತ್ತಿನಲ್ಲಿ ಉತ್ತರ, ರಾತ್ರಿ ಎರಡಕ್ಕೆ ಅವರು ಸಿಗದಿದ್ದರೆ ಯಾರಿಗೆ ಎಂಬುದೆಲ್ಲ ಸ್ಪಷ್ಟವಾಗಿರಬೇಕು. ಈ ಕರೆ ಐದು ಹತ್ತು ನಿಮಿಷದ್ದು, ಯಾವ ಕೌಶಲ ಈಗ ಬಳಸಲಿ ಎಂದು ಕೇಳುವುದಕ್ಕೆ. ಗಾಯ ಮಾಡಿಕೊಳ್ಳುವ ಮೊದಲು ಕರೆ ಮಾಡಬೇಕು. ಮಾಡಿಕೊಂಡ ಮೇಲೆ 24 ಗಂಟೆ ಥೆರಪಿಸ್ಟ್ ಈ ಕೋಚಿಂಗ್ ಕರೆ ತೆಗೆದುಕೊಳ್ಳುವುದಿಲ್ಲ ಎಂಬುದು ಡಿಬಿಟಿಯ ಹಳೆಯ ನಿಯಮ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಬೇರೆ. ಕೇಳಿದಾಗ ಕ್ರೂರ ಅನಿಸುತ್ತದೆ. ಸಹಾಯ ಕೇಳುವುದು ಮೊದಲು ಬರಲಿ, ಗಾಯ ಸಹಾಯದ ದಾರಿ ಆಗದಿರಲಿ ಎಂಬ ಕಾಳಜಿ ಅದರ ಹಿಂದಿದೆ. "ಯಾವಾಗ ಬೇಕಾದ್ರೂ ಮಾಡಿ, ನಾನಿದ್ದೀನಿ" ಎನ್ನುವವರ ಒಳ್ಳೆಯತನವನ್ನು ನಾನು ಅನುಮಾನಿಸುವುದಿಲ್ಲ, ಆದರೆ ಮಿತಿ ಹೇಳದವರು ಆರು ತಿಂಗಳಲ್ಲಿ ಸುಸ್ತಾಗುತ್ತಾರೆ, ಆಗ ನೋಯುವವರು ನೀವು.

ಕೊನೆಗೆ, "ನಿಮಗೆ ಕನ್ಸಲ್ಟೇಷನ್ ಟೀಮ್ ಇದೆಯಾ?" ಮೇಲೆ ಹೇಳಿದ ನಾಲ್ಕನೆಯ ಭಾಗ, ಥೆರಪಿಸ್ಟ್‌ಗಳ ತಂಡ ಇದೇ. ಒಬ್ಬರೇ ಕೆಲಸ ಮಾಡುವವರಾದರೂ ಊರಾಚೆಯ ಸಹೋದ್ಯೋಗಿಗಳ ಜೊತೆ ಆನ್‌ಲೈನಿನಲ್ಲಿ ಸೇರುತ್ತಿರಬಹುದು. ಯಾರೂ ಇಲ್ಲ, ಹಿರಿಯರೊಬ್ಬರ ಸೂಪರ್‌ವಿಷನ್ ಕೂಡ ಇಲ್ಲ ಎಂದರೆ ಅಪಾಯದ ಕೇಸಿಗೆ ಅವರು ಬೇಡ.

ಭಾಷೆ

ಬೆಂಗಳೂರಿನಲ್ಲಿ ಇಂಗ್ಲಿಷ್ ಸೆಷನ್ ಸುಲಭವಾಗಿ ಸಿಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಂದರೂ ಒಂದು ವಿಷಯ ನೋಡಿಕೊಳ್ಳಿ: ಸಿಟ್ಟು ನೆತ್ತಿಗೇರಿದಾಗ ನಿಮ್ಮ ಬಾಯಿಂದ ಯಾವ ಭಾಷೆ ಬರುತ್ತದೆ? ಆ ಭಾಷೆ ಥೆರಪಿಸ್ಟ್‌ಗೆ ಅರ್ಥವಾಗಬೇಕು. ಅಪ್ಪ ಹೇಳಿದ ಮಾತನ್ನು ಅದೇ ಪದದಲ್ಲಿ ಹೇಳಲಾಗದೆ ಅನುವಾದ ಮಾಡುತ್ತಾ ಕೂತರೆ ಅದರ ಬಿಸಿ ದಾರಿಯಲ್ಲೇ ಆರಿಹೋಗುತ್ತದೆ. ಕೌಶಲದ ಹೆಸರುಗಳು, ಹಾಳೆಗಳು ಇಂಗ್ಲಿಷಿನಲ್ಲಿದ್ದರೂ ತೊಂದರೆಯಿಲ್ಲ, ವಿವರಣೆ ಅಭ್ಯಾಸ ಕನ್ನಡದಲ್ಲಿ ನಡೆಸಬಹುದಾ ಎಂದು ಕೇಳಿ.

ಭಾಷೆಯ ಜೊತೆಗೆ ಮನೆಯ ರೀತಿ. ಬೇಡ ಎನ್ನುವುದನ್ನು ಡಿಬಿಟಿ ಪಾತ್ರ ಹಾಕಿ ಅಭ್ಯಾಸ ಮಾಡಿಸುತ್ತದೆ. ಸಿಯಾಟಲ್‌ನಲ್ಲಿ ರೂಮ್‌ಮೇಟ್‌ಗೆ ಬೇಡ ಎನ್ನುವುದೂ, ಕೂಡು ಕುಟುಂಬದಲ್ಲಿ ಅತ್ತೆಗೆ ಅಥವಾ ದೊಡ್ಡಪ್ಪನಿಗೆ ಬೇಡ ಎನ್ನುವುದೂ ಒಂದೇ ಅಲ್ಲ. "ನಿಮ್ಮ ಬೌಂಡರಿ ನೀವು ಹಾಕ್ಕೊಳ್ಳಿ" ಎಂದು ಹೇಳಿ ಕಳಿಸುವವರಿಗಿಂತ, ಯಾರ ಮೂಲಕ, ಯಾವ ಹೊತ್ತಲ್ಲಿ, ಎಷ್ಟು ಮಾತಿನಲ್ಲಿ ಹೇಳಿದರೆ ಆ ಮನೆಯಲ್ಲಿ ನಡೆದೀತು ಎಂದು ನಿಮ್ಮ ಜೊತೆ ಕೂತು ಯೋಚಿಸುವವರು ಉತ್ತಮ.

ಖರ್ಚು

ಸೆಷನ್ ಫೀಸು ಕೇಳಿ ಸುಮ್ಮನಾಗಬೇಡಿ, ತಿಂಗಳ ಲೆಕ್ಕ ಹಾಕಿ. ಉದಾಹರಣೆಗೆ ಒಂದು ಸೆಷನ್ 1,500 ರೂಪಾಯಿ, ಗ್ರೂಪ್ 800 ಎಂದಿಟ್ಟುಕೊಂಡರೆ ನಾಲ್ಕು ವಾರಕ್ಕೆ 9,200. ಮನೋವೈದ್ಯರ ಫೀಸು, ಔಷಧಿ, ಓಡಾಟ ಬೇರೆ. ಇದನ್ನು ಒಂದು ವರ್ಷ ನಿಭಾಯಿಸಲು ಆಗುತ್ತದಾ? ಆಗದಿದ್ದರೆ ಮೊದಲೇ ಹೇಳಿ, ಆದಾಯ ನೋಡಿ ಫೀಸು ಕಡಿಮೆ ಮಾಡುವವರಿದ್ದಾರೆ. ನಾಲ್ಕನೇ ತಿಂಗಳಲ್ಲಿ ದುಡ್ಡಿಲ್ಲದೆ ನಿಲ್ಲಿಸುವುದಕ್ಕಿಂತ ಶುರುವಿನಲ್ಲೇ ಸರ್ಕಾರಿ ಆಸ್ಪತ್ರೆ ಆರಿಸಿಕೊಳ್ಳುವುದು ಎಷ್ಟೋ ಮೇಲು.

2017ರ ಕಾಯ್ದೆ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಕೊಡಬೇಕು ಎನ್ನುತ್ತದೆ. ಆದರೆ ನಮ್ಮ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವಂಥವು. ಓಪಿಡಿ ಸೌಲಭ್ಯ ಇದೆಯಾ, ಅದರಲ್ಲಿ ಸೈಕೋಥೆರಪಿ ಸೇರಿದೆಯಾ ಎಂದು ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಕಂಪನಿಯಲ್ಲಿ ಕೆಲಸ ಮಾಡುವವರು ಎಚ್‌ಆರ್ ಹತ್ತಿರ ಉದ್ಯೋಗಿ ನೆರವಿನ ಯೋಜನೆ ಇದೆಯಾ ನೋಡಿ. ಅಲ್ಲಿ ಸಿಗುವ ಉಚಿತ ಸೆಷನ್‌ಗಳು ಕೆಲವೇ, ವರ್ಷದ ಡಿಬಿಟಿಗೆ ಸಾಲುವುದಿಲ್ಲ, ರೆಫರಲ್‌ಗೆ ಸಾಕು.

ಪೂರ್ಣ ಏರ್ಪಾಡು ಸಿಗದಿದ್ದರೆ

ಬೆಂಗಳೂರಿನಲ್ಲೇ ಕಷ್ಟ, ಹಾವೇರಿಯಲ್ಲೋ ಚಾಮರಾಜನಗರದಲ್ಲೋ ಇರುವವರಿಗೆ ಇನ್ನೂ ಕಷ್ಟ. ಹತಾಶರಾಗಬೇಡಿ. 2015ರಲ್ಲಿ ಲಿನೆಹಾನ್ ತಂಡ 99 ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ ಡಿಬಿಟಿಯ ಭಾಗಗಳನ್ನು ಬಿಡಿಸಿ ಹೋಲಿಸಿ ನೋಡಿದರು. ಕೌಶಲ ಕಲಿಸುವಿಕೆ ಇದ್ದ ಚಿಕಿತ್ಸೆಗಳು, ಅದಿಲ್ಲದ ಬರೀ ಒಬ್ಬೊಬ್ಬರ ಥೆರಪಿಗಿಂತ ಸ್ವಯಂ ಹಾನಿಯನ್ನು ಹೆಚ್ಚಿನ ಮಟ್ಟಿಗೆ ತಗ್ಗಿಸಿದವು. ಅಂದರೆ ಏನನ್ನು ಬಿಟ್ಟರೂ ಸ್ಕಿಲ್ಸ್ ಬಿಡಬೇಡಿ.

ನಾನು ಸೂಚಿಸುವ ಜೋಡಣೆ ಇದು. ಊರಿನಲ್ಲಿ ಅಥವಾ ಹತ್ತಿರದ ಪಟ್ಟಣದಲ್ಲಿ ನೀವು ನಂಬುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಅವರು ಸಿಬಿಟಿಯವರಾದರೂ ಆದೀತು. ಅದರ ಜೊತೆ ಆನ್‌ಲೈನ್ ಡಿಬಿಟಿ ಸ್ಕಿಲ್ಸ್ ಗ್ರೂಪ್. ಔಷಧಿಗೂ ತುರ್ತಿಗೂ ಒಬ್ಬ ಮನೋವೈದ್ಯರು. ಈ ಮೂವರೂ ಪರಸ್ಪರ ಮಾತಾಡಲು ನೀವು ಲಿಖಿತ ಒಪ್ಪಿಗೆ ಕೊಡಿ. ಇಲ್ಲದಿದ್ದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗದೆ ನೀವೇ ಮಧ್ಯೆ ಓಡಾಡಬೇಕಾಗುತ್ತದೆ. ಡೈರಿ ಕಾರ್ಡ್ ತುಂಬಿ ಇಬ್ಬರಿಗೂ ತೋರಿಸಿ. ಕಾಯುವ ಪಟ್ಟಿಯಲ್ಲಿದ್ದರೆ ಆ ವಾರಗಳಲ್ಲೂ ಮನೋವೈದ್ಯರ ಭೇಟಿ ತಪ್ಪಿಸಬೇಡಿ.

ಆನ್‌ಲೈನ್ ಸೆಷನ್‌ಗೆ ಒಂದೇ ಷರತ್ತು, ಒಬ್ಬರೇ ಇರಬಹುದಾದ ಜಾಗ. ಮನೆಯಲ್ಲಿ ಆಗದಿದ್ದರೆ ನಿಲ್ಲಿಸಿದ ಕಾರು, ಗೆಳತಿಯ ರೂಮು, ಏನಾದರೂ ಸರಿ. ಮತ್ತೆ ನಿಮ್ಮ ವಿಳಾಸ, ಹತ್ತಿರದ ಆಸ್ಪತ್ರೆ, ಕರೆ ಮಾಡಬಹುದಾದ ಒಬ್ಬರ ನಂಬರ್, ಇವನ್ನು ಥೆರಪಿಸ್ಟ್ ಮೊದಲ ದಿನವೇ ಬರೆದುಕೊಳ್ಳಬೇಕು. ಕೇಳದಿದ್ದರೆ ನೀವೇ ಕೊಡಿ.

ಹೊರದೇಶದ ಕನ್ನಡಿಗರಿಗೆ ಒಂದು ಮಾತು. ಅಮೆರಿಕದಲ್ಲಿ ಲೈಸೆನ್ಸ್ ರಾಜ್ಯ ರಾಜ್ಯಕ್ಕೆ ಬೇರೆ, ನೀವಿರುವ ರಾಜ್ಯದಲ್ಲಿ ಅನುಮತಿ ಇರುವವರನ್ನೇ ನೋಡಿ. ಬ್ರಿಟನ್ನಿನಲ್ಲಿ ನಿಮ್ಮ ಸಾಮಾನ್ಯ ವೈದ್ಯರಾದ ಜಿಪಿ ಮೂಲಕ ಸಮುದಾಯ ಮಾನಸಿಕ ಆರೋಗ್ಯ ತಂಡಕ್ಕೆ ಹೋಗಬೇಕು, ಖಾಸಗಿಯಾದರೆ ಆರೋಗ್ಯ ವೃತ್ತಿಯವರ ಮಂಡಳಿಯಾದ ಎಚ್‌ಸಿಪಿಸಿಯ ನೋಂದಣಿ ನೋಡಿ. ಕನ್ನಡಕ್ಕಾಗಿ ಬೆಂಗಳೂರಿನ ಥೆರಪಿಸ್ಟ್ ಹಿಡಿಯುವ ಆಸೆ ಸಹಜ, ಆದರೆ ಅಲ್ಲಿಯ ತುರ್ತಿಗೆ ಇಲ್ಲಿಂದ ಏನೂ ಮಾಡಲಾಗದು, ಕಾನೂನಿನ ತೊಡಕೂ ಇದೆ. ಅಪಾಯದ ಇತಿಹಾಸ ಇದ್ದರೆ ಮುಖ್ಯ ಥೆರಪಿಸ್ಟ್ ಸ್ಥಳೀಯರೇ ಇರಲಿ. ಸಾಯುವ ಯೋಚನೆ, ಮಾನಸಿಕ ಸಂಕಟದ ತುರ್ತಿಗೆ ಅಮೆರಿಕದಲ್ಲಿ ನಂಬರ್ 988.

ಮಗ ಅಥವಾ ಮಗಳಿಗಾಗಿ ಹುಡುಕುತ್ತಿದ್ದರೆ

ಹದಿಹರೆಯದವರ ಡಿಬಿಟಿಯಲ್ಲಿ ಅಪ್ಪ ಅಮ್ಮನೂ ಸ್ಕಿಲ್ಸ್ ಗ್ರೂಪಿನಲ್ಲಿ ಕೂರುತ್ತಾರೆ. ಮಗುವನ್ನು ಒಳಗೆ ಬಿಟ್ಟು ಹೊರಗೆ ಫೋನ್ ನೋಡುತ್ತಾ ಕಾಯುವ ಚಿಕಿತ್ಸೆ ಅಲ್ಲ ಇದು. ಆದ್ದರಿಂದ ಥೆರಪಿಸ್ಟ್‌ಗೆ "ನಮಗೇನು ಕಲಿಸ್ತೀರಿ?" ಎಂದು ಕೇಳಿ. ಮಗು ಹೇಳಿದ್ದರಲ್ಲಿ ಎಷ್ಟನ್ನು ನಿಮಗೆ ಹೇಳುತ್ತಾರೆ ಎಂಬುದನ್ನು ಮೂವರೂ ಒಟ್ಟಿಗಿರುವಾಗಲೇ ಮಾತಾಡಿಕೊಳ್ಳಿ. ಜೀವಕ್ಕೆ ಅಪಾಯವಿದ್ದರೆ ಹೇಳುತ್ತಾರೆ, ಉಳಿದದ್ದು ಮಗುವಿನದು. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು, ಇದನ್ನೂ ಮಗುವಿಗೆ ಮೊದಲೇ ಹೇಳುವ ಥೆರಪಿಸ್ಟ್ ಒಳ್ಳೆಯ ಥೆರಪಿಸ್ಟ್.

"ನಾಳೆ ಮದುವೆ ಮಾಡಬೇಕು, ಯಾರಿಗಾದ್ರೂ ಗೊತ್ತಾದ್ರೆ?" ಎಂದು ಹೆದರುವ ತಾಯಂದಿರಿಗೆ: ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವುದು ಅದೇ 2017ರ ಕಾಯ್ದೆಯಂತೆ ಚಿಕಿತ್ಸೆ ಕೊಡುವವರ ಕರ್ತವ್ಯ. ಸಂಬಂಧಿಕರು ಕೇಳಿದರೂ ಹೇಳುವಂತಿಲ್ಲ.

ಮೊದಲ ಸೆಷನ್‌ಗಳು, ಮೊದಲ ಮೂರು ತಿಂಗಳು

ಶುರುವಿನ ಕೆಲವು ಸೆಷನ್‌ಗಳು ಒಪ್ಪಂದದ ಹಂತ. ಇಲ್ಲಿ ಥೆರಪಿಸ್ಟ್ ನಿಮ್ಮನ್ನು ಒಪ್ಪಿಸುತ್ತಾರೆ, ಪರೀಕ್ಷಿಸುತ್ತಾರೆ ಕೂಡ: ಒಂದು ವರ್ಷ ಬರುತ್ತೀರಾ, ಸಾಯುವ ದಾರಿಯನ್ನು ಪಕ್ಕಕ್ಕಿಟ್ಟು ಕೆಲಸ ಮಾಡುತ್ತೀರಾ? ನೀವೂ ಅವರನ್ನು ನೋಡಿಕೊಳ್ಳಿ. ಸಾಲಾಗಿ ನಾಲ್ಕು ಸಲ ಗೈರಾದರೆ ಕಾರ್ಯಕ್ರಮದಿಂದ ಹೊರಗೆ ಎಂಬ ನಿಯಮ ಡಿಬಿಟಿಯಲ್ಲಿದೆ. ಹೀಗಾಗಿ ಊರ ಹಬ್ಬ, ಪರೀಕ್ಷೆ, ಶಿಫ್ಟ್ ಬದಲಾವಣೆ ಎಲ್ಲ ನೋಡಿಕೊಂಡು ದಿನ ಗೊತ್ತುಮಾಡಿ. ಹಳೆಯ ಔಷಧಿ ಚೀಟಿಗಳು, ಡಿಸ್ಚಾರ್ಜ್ ಸಾರಾಂಶ ಇವನ್ನು ಒಯ್ಯಿರಿ. ಹೃದಯದ ತೊಂದರೆ ಅಥವಾ ಆಹಾರ ಸಂಬಂಧಿ ಕಾಯಿಲೆ ಇದ್ದರೆ ತಪ್ಪದೆ ಹೇಳಿ, ಯಾಕೆಂದರೆ ಸಂಕಟದ ಹೊತ್ತಲ್ಲಿ ಮುಖವನ್ನು ತಣ್ಣೀರಿಗೆ ಒಡ್ಡುವಂಥ ಕೌಶಲಗಳು ಎದೆಬಡಿತವನ್ನು ಇಳಿಸುತ್ತವೆ, ಎಲ್ಲರಿಗೂ ಹೊಂದುವುದಿಲ್ಲ.

ಮೊದಲ ತಿಂಗಳಲ್ಲಿ ಬೇಸರ ಬರುತ್ತದೆ. ದಿನಾ ಕಾರ್ಡ್ ತುಂಬುವುದು ಮಗ್ಗಿ ಬರೆದ ಹಾಗೆ ಅನಿಸುತ್ತದೆ. ಥೆರಪಿಸ್ಟ್ ಮೇಲೆ ಸಿಟ್ಟೂ ಬರುತ್ತದೆ. ಆ ಸಿಟ್ಟನ್ನು ಸೆಷನ್‌ನಲ್ಲೇ ಹೇಳಿ, ಡಿಬಿಟಿಯಲ್ಲಿ ಅದಕ್ಕೆ ಜಾಗ ಇದೆ. ಅದನ್ನು ಹೇಳಿದಾಗ ಅವರು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದು ಅವರ ಗುಣಮಟ್ಟದ ನಿಜವಾದ ಪರೀಕ್ಷೆ. ತಮ್ಮ ತಪ್ಪಿದ್ದರೆ ಒಪ್ಪಿ ತಿದ್ದಿಕೊಳ್ಳುವವರನ್ನು ಬಿಡಬೇಡಿ.

ಮೂರನೇ ತಿಂಗಳ ಕೊನೆಗೆ ಕಾರ್ಡ್‌ಗಳನ್ನು ಸಾಲಾಗಿ ಇಟ್ಟು ಇಬ್ಬರೂ ನೋಡಿ. ಭಾವನೆ ಇನ್ನೂ ಅಷ್ಟೇ ಜೋರಾಗಿರಬಹುದು. ಅದು ಸೋಲಲ್ಲ. ಅಪಾಯದ ನಡವಳಿಕೆ ಕಡಿಮೆಯಾಗಿದೆಯಾ, ತುಡಿತ ಬಂದು ಹೋಗುವ ನಡುವೆ ಒಂದಾದರೂ ಕೌಶಲ ನುಸುಳಿದೆಯಾ, ಅದನ್ನು ನೋಡಿ. ಏನೂ ಕದಲಿಲ್ಲ ಎಂದರೆ ಏನು ಬದಲಾಯಿಸೋಣ ಎಂದು ಥೆರಪಿಸ್ಟ್ ತಾವಾಗಿಯೇ ಕೇಳಬೇಕು.

ಥೆರಪಿಸ್ಟ್‌ರನ್ನು ಬಿಡುವುದಾದರೆ ಮೊದಲು ಒಂದು ವಿದಾಯದ ಸೆಷನ್ ಇಟ್ಟುಕೊಳ್ಳಿ, ಸಿಟ್ಟಿನಲ್ಲಿ ನಂಬರ್ ಬ್ಲಾಕ್ ಮಾಡಿ ಹೋಗಬೇಡಿ. ಆದರೆ ಕೆಲವದಕ್ಕೆ ಕಾಯಬೇಕಾಗಿಲ್ಲ: ಮುಟ್ಟುವುದು, ಪ್ರೇಮದ ಮಾತು, ನಿಮ್ಮಿಂದ ಸಾಲ ಕೇಳುವುದು, ಮನೋವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಿ ಎನ್ನುವುದು, "ಬಿಪಿಡಿಯವರೇ ಹೀಗೆ" ಎಂದು ಹೀಯಾಳಿಸುವುದು. ಇವುಗಳಲ್ಲಿ ಒಂದಾದರೂ ಕಂಡರೆ ಅದೇ ದಿನ ಬಿಡಿ, ಮನೆಯವರಿಗೋ ಮನೋವೈದ್ಯರಿಗೋ ತಿಳಿಸಿ. ನಿಮ್ಮ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕು ನಿಮಗಿದೆ. ಈವರೆಗೆ ಕಲಿತ ಕೌಶಲಗಳು, ನಡೆದ ಚೈನ್ ಅನಾಲಿಸಿಸ್‌ಗಳು, ಔಷಧಿಗಳು ಇರುವ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ, ತುಂಬಿದ ಡೈರಿ ಕಾರ್ಡ್‌ಗಳ ಜೊತೆ ಅದನ್ನು ಮುಂದಿನ ಥೆರಪಿಸ್ಟ್ ಕೈಗೆ ಕೊಟ್ಟು "ಇಲ್ಲಿಂದ ಮುಂದಕ್ಕೆ" ಎನ್ನಿ.